ಯಾರೂ ತುಳಿಯದ ಹುಲ್ಲು

ಗೋಪನಕೊಪ್ಪ, ಹುಬ್ಬಳ್ಳಿ
ರವಿವಾರ, 8 ಜೂನ್ 2003

ಪ್ರೀತಿಯ ಕಾವೇರಿಗೆ,

ನಾವು ಇಲ್ಲಿ ಆರಾಮ ಇದ್ದೇವೆ ಎಂದು ಬರೆದಿದ್ದ ಮೊದಲ ಹಾಳೆಯನ್ನು ಹರಿದು ಹಾಕಿ ಇದನ್ನು ಹಿಡಿದಿದ್ದೇನೆ. ಆರಾಮ ಇಲ್ಲವೆಂದು ಗಾಬರಿಯಾಗಬೇಡ. ನಿಮ್ಮ ಅಪ್ಪಾಜಿ ನಿನ್ನೆ ರೊಟ್ಟಿ ಹಾಲಲ್ಲಿ ಕಿವುಚಿಕೊಂಡು ಉಂಡರು, ಬಿಪಿ ಹತೋಟಿಯಲ್ಲಿದೆ, ನನ್ನ ಕೆಮ್ಮು ಹೋಗಿದೆ. ಆದರೆ ಇಷ್ಟನ್ನು ನಾವು ಫೋನಿನಲ್ಲೇ ಆಡುತ್ತೇವೆ. ಫೋನು ಪಡಸಾಲೆಯಲ್ಲಿ, ಅವರ ಕುರ್ಚಿಯ ಬಗಲಿಗೆ. ನಿನ್ನ ಬೆನ್ನ ಹಿಂದೆ ಹಾಸ್ಟೆಲಿನ ಹುಡುಗಿಯರ ಸರತಿ. ನೀನು "ಊಟ ಆತ್ರಿ?" ಅನ್ನುತ್ತೀ, ನಾನು "ಆತು" ಅನ್ನುತ್ತೇನೆ, ಲಕ್ಷ್ಮೀ ಬಂದು ಶಾಲೆಯಲ್ಲಿ ಕಲಿತ ಹಾಡಿನ ಅರ್ಧ ಹಾಡುತ್ತಾಳೆ, ಮುಗಿಯಿತು. ಉಳಿದದ್ದು ಬರೆಯಲಿಕ್ಕೇ ಬೇಕು.

ನೀನು ಕೂಸನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ವರ್ಷವಾಯಿತು. ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ವಾರ್ಡನ್ ಕೆಲಸ, ಹಾಸ್ಟೆಲಿನಲ್ಲೇ ಇರಬೇಕಾಗುತ್ತದೆ, ರವಿವಾರ ಬಂದುಹೋಗುತ್ತಾಳೆ. ಈಗೀಗ ರವಿವಾರವೂ ಇಲ್ಲ. ಅದನ್ನು ಯಾರಿಗೂ ಹೇಳಿಲ್ಲ. ಕೆಲಸ ಸಿಗುವ ಸ್ವಲ್ಪ ದಿನ ಮೊದಲು ಲಕ್ಷ್ಮೀ ಲಾನಿನ ನಟ್ಟನಡುವೆ ಚಮಚದಿಂದ ಕುಣಿ ತೋಡಿ ಮಾವಿನ ಗೊರಟೆ ಹೂಳಿದ್ದಳಲ್ಲ, ಅಪ್ಪಾಜಿಯ ದನಿ ಕೇಳಿ ಕೂಸು ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡಿತಲ್ಲ, ನೀನು ಅದನ್ನು ಎತ್ತಿಕೊಂಡು ಒಳಗೆ ಹೋದೆ. ಮರುದಿನವೇ ನೀನು ಅರ್ಜಿ ಹಾಕಿದ್ದು ನನಗೆ ಗೊತ್ತು. ಆ ಮಾತನ್ನು ನೀನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ನಾನು ಹಳ್ಳಿಯಿಂದ ಬಂದವನು. ನಮ್ಮವ್ವ ಮುಂಜಾನೆ ಎದ್ದು ಅಂಗಳಕ್ಕೆ ಸೆಗಣಿ ನೀರು ಹೊಡೆದರೆ ಅಂಗಳ ಸ್ವಚ್ಛ ಆದಂತೆ. ಅದರ ಮೇಲೆ ಎಮ್ಮೆ ನಿಲ್ಲಬಹುದು, ಮೆಣಸಿನಕಾಯಿ ಹರವಬಹುದು, ಬಂದವರು ಕೂಡಬಹುದು. ಹಿತ್ತಲಲ್ಲಿ ಮೆಂತ್ಯ, ಸಬ್ಬಸಗಿ, ನಾಲ್ಕು ಬದನೆ. ಕಣ್ಣಿಗಷ್ಟೇ ಹಸಿರಾಗಿದ್ದು ಬಾಯಿಗೆ ಬರದ ಬೆಳೆಯನ್ನು ನಾನು ಮೊದಲು ಕಂಡಿದ್ದು ನಿಮ್ಮ ಮನೆಯಲ್ಲಿ. ಅಪ್ಪಾಜಿಗೆ ಗಂಡುಮಕ್ಕಳಿಲ್ಲ, ಅಳಿಯ ಇಲ್ಲೇ ಬಂದು ಇರಬೇಕು ಎಂದಾಗ ನಾನು ಒಪ್ಪಿಯೇ ಬಂದವನು. ಬಂದ ಮೊದಲ ವಾರ, ಹಲ್ಲುಜ್ಜುತ್ತ ಬರಿಗಾಲಲ್ಲಿ ಹುಲ್ಲಿಗಿಳಿದೆ. ಅಪ್ಪಾಜಿ ಸಿಟ್ಟಾಗಲಿಲ್ಲ. ಪೇಪರು ಮಡಚಿ, ಬಹಳ ಮರ್ಯಾದೆಯಿಂದ, "ಮಾಸ್ತರ, ಕಲ್ಲಿನ ಮ್ಯಾಲಿಂದ ಬರ್ರಿ. ಅದು ಹುಲ್ಲಲ್ಲ, ಲಾನ್" ಅಂದರು. ನೀನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಗುತ್ತಿದ್ದೆ. ನಾನೂ ನಕ್ಕೆ. ಅಂದಿನಿಂದ ನನ್ನ ಕಾಲು ತಾನೇ ಹುಲ್ಲಿನ ನಡುವೆ ಹಾಸಿದ ಕಲ್ಲನ್ನು ಹುಡುಕುತ್ತದೆ.

ಕಳೆದ ಚಳಿಗಾಲದಲ್ಲಿ ಅಪ್ಪಾಜಿಗೆ ಲಕ್ವಾ ಹೊಡೆದು ಎಡಗಡೆ ಬಿದ್ದುಹೋದ ಮೇಲೆ ಏನೇನಾಯಿತು ಎಂಬುದರಲ್ಲಿ ಅರ್ಧ ನಿನಗೆ ಗೊತ್ತು. ನೀನು ರಜೆ ಹಾಕಿ ಬಂದು ಮಾಡಿದಷ್ಟು ಸೇವೆ ಬೇರೆ ಯಾರೂ ಮಾಡುತ್ತಿರಲಿಲ್ಲ. ರಜೆ ಮುಗಿಯಿತು, ನೀನು ಹೋದೆ. ಆ ಮೇಲೆ ಬೆಳಿಗ್ಗೆ ಅವರನ್ನು ಎಬ್ಬಿಸಿ, ಮೈ ಒರೆಸಿ, ಬಿಳಿ ಅಂಗಿ ಹಾಕಿ, ಪಡಸಾಲೆಯಿಂದ ಕುರ್ಚಿಯನ್ನು ಮುಂದಿನ ಕಟ್ಟೆಗೆ ಎಳೆದು ಕೂಡಿಸುತ್ತಿದ್ದೆ. ಮಾತು ದಪ್ಪಗಾಗಿದೆ, ಆದರೆ ಕಣ್ಣು ಹದ್ದಿನದೇ. ಬಲಗೈಯಲ್ಲಿ ಕೋಲು. ಎಲ್ಲಿ ಒಂದು ಕಳೆ, ಕರಿಕಿಯೋ ಜೇಕೋ, ತಲೆ ಎತ್ತಿದೆಯೋ ಅತ್ತ ತೋರಿಸಿ ಕೋಲಿನಿಂದ ನೆಲ ಕುಟ್ಟುವರು. ನಾನು ಕುರಪಿ ಹಿಡಿದು ಹೋಗಿ ಕಿತ್ತುಬರುವುದು. ಶಾಲೆಗೆ ಹೋಗುವ ತನಕ ಅದೇ ಕೆಲಸ. ಆಮೇಲೆ ಅಡುಗೆಯ ರೇಣವ್ವ ಬಂದು ನಾನು ತಿರುಗಿ ಬರುವ ತನಕ ಅವರ ಜೊತೆ ಕೂಡುತ್ತಿದ್ದಳು. ಒಮ್ಮೆ ಆಕೆ ಪೂಜೆಗೆಂದು ಅದೇ ಹುಲ್ಲಿನೊಳಗಿನ ಕರಿಕಿ ಕೇಳಿದಳು. ನಾನು ಕಿತ್ತು ಒಗೆದ ರಾಶಿಯನ್ನೇ ತೋರಿಸಿದೆ. ಕಸದ ಬುಟ್ಟಿಯ ಕರಿಕಿ ದೇವರಿಗೆ ಆಗುವುದಿಲ್ಲವೆಂದು ಆಕೆ ದುರ್ಗದಬೈಲಿನ ಪೇಟೆಯಲ್ಲಿ ಕೊಂಡು ತಂದಳು.

ಇನ್ನು ನಿನಗೆ ಗೊತ್ತಿಲ್ಲದ ಅರ್ಧ.

ಈ ಬೇಸಿಗೆ ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು, ಕೆಲವು ಸಲ ಅದೂ ಇಲ್ಲ. ಎದುರಿನ ಸಾಲಿನವರ ಬೋರೆಲ್ಲ ಬತ್ತಿದವು. ನಮ್ಮದು ಮಾತ್ರ ಹಿಡಿದುಕೊಂಡಿತ್ತು. ಆ ನೀರನ್ನು ನಾನು ಮುಂಜಾನೆ ಪೈಪು ಹಿಡಿದು ಹುಲ್ಲಿಗೆ ಹೊಡೆಯುತ್ತಿದ್ದೆ. ಗೇಟಿನಾಚೆ ಕೊಡ ಹಿಡಿದ ಹೆಂಗಸರು ಹೋಗುತ್ತಿದ್ದರು. ಮೊದಲು ನೋಡುತ್ತಿದ್ದರು, ಆಮೇಲೆ ನೋಡುವುದನ್ನೂ ಬಿಟ್ಟರು. ಎದುರು ಮನೆಯ ಮದೀನಾಬಿ ನಿನಗೆ ನೆನಪಿದೆಯಲ್ಲ, ಡಾಲ್ಡಾ ಡಬ್ಬಿಯಲ್ಲೂ ಒಡೆದ ಕೊಡದಲ್ಲೂ ಏನಾದರೊಂದು ಬೆಳೆಸುವವಳು. ಆಕೆಯ ಹೀರೆ ಬಳ್ಳಿ ತಂತಿಯ ಮೇಲೆ ಹಾಗೇ ಒಣಗಿ ನಿಂತಿತ್ತು. ಒಂದು ದಿನ ಗೇಟಿನ ಹತ್ತಿರ ಬಂದು, "ಮಾಸ್ತರ, ಹುಲ್ಲಿಗೆ ಹೊಡ್ಯಾಕತ್ತೀರಿ. ನಮಗೂ ಎರಡು ಕೊಡ ಬಿಡ್ರಿ. ಸೊಸಿ ಬಾಣಂತಿ ಅದಾಳ" ಅಂದಳು. ಅಪ್ಪಾಜಿ ಕಟ್ಟೆಯ ಮೇಲೇ ಇದ್ದರು. ನಾನು ಅವರ ಮುಖ ನೋಡಿದೆ. ಅವರು ತಡೆ ತಡೆದು, "ಒಬ್ಬರಿಗೆ ಕೊಟ್ರ… ಎಲ್ಲಾರೂ ಬರ್ತಾರ. ಲಾನ್ ಒಣಗತದ" ಅಂದರು. ಮದೀನಾಬಿ ಅದನ್ನು ಕೇಳಿಸಿಕೊಂಡು ಹೋದಳು.

ಅಂದು ಪೈಪು ಬಹಳ ಭಾರವಾಗಿತ್ತು ಕಾವೇರಿ. ಮೂವತ್ತೆಂಟು ವರ್ಷದ ಗಂಡಸು, ಹೈಸ್ಕೂಲಿನಲ್ಲಿ ಹುಡುಗರಿಗೆ ನಾಗರಿಕರ ಕರ್ತವ್ಯ ಕಲಿಸುವವನು, ಬಾಣಂತಿಗೆ ನೀರು ಕೊಡಲು ಒಬ್ಬರ ಮುಖ ನೋಡುತ್ತೇನೆ. ಮನೆ ಅವರದು, ಬೋರು ಅವರದು, ಕುರ್ಚಿಯಲ್ಲಿ ಕೂತವರು ರೋಗಿ. ಜಗಳ ಆಡಲೂ ಬರುವಂತಿಲ್ಲ.

ಅದಕ್ಕೆ ಕಳ್ಳಾಟ ಹೂಡಿದೆ. ಕಟ್ಟೆಯ ಕಂಬದ ಮರೆಯಿಂದಾಗಿ ಕುರ್ಚಿಗೆ ಲಾನಿನ ಅರ್ಧವಷ್ಟೇ ಕಾಣುತ್ತದೆ. ಆ ಅರ್ಧಕ್ಕೆ ಮಾತ್ರ ನೀರು ಬಿಟ್ಟೆ. ಉಳಿದ ನೀರು ಹಿತ್ತಲ ಬಾಗಿಲಿಂದ ಮದೀನಾಬಿಗೆ, ಆಕೆಯ ಕಡೆಯಿಂದ ಇನ್ನೂ ನಾಲ್ಕು ಮನೆಗೆ. ಕಾಂಪೌಂಡಿನ ಕಡೆಯ ಹುಲ್ಲು ಮೊದಲು ಹಳದಿ ಆಯಿತು, ಆಮೇಲೆ ಬಣವೆಯ ಬಣ್ಣ. ಧಾರವಾಡದ ಕಡೆಯಿಂದ ಲಾರಿಗಟ್ಟಲೆ ತರಿಸಿ ಹಾಸಿದ ಕೆಂಪು ಮಣ್ಣು ತೆಳ್ಳಗಾಗಿ ಕೆಳಗಿನ ಎರೆ ನೆಲ ಬಾಯಿ ಬಿಟ್ಟಿತು. ಕಂಬದ ಈಚೆ ಹಸಿರು, ಆಚೆ ಬಿರುಕು. ಮನಸ್ಸಿಗೆ ಎಂಥ ಹಗುರ ಆಗಿತ್ತೆಂದರೆ ಶಾಲೆಗೆ ಸೈಕಲ್ ಮೇಲೆ ಸೀಟಿ ಹಾಕುತ್ತ ಹೋಗುತ್ತಿದ್ದೆ.

ಮೇ ತಿಂಗಳಲ್ಲಿ ನಾನು ಫೋನಿನಲ್ಲಿ, "ಅಪ್ಪಾಜಿ ಸ್ವಲ್ಪ ಜಾರಿದ್ರು, ಏನಾಗಿಲ್ಲ" ಅಂದಿದ್ದೆ. ಅದು ಸುಳ್ಳು. ಬೇಸಿಗೆ ರಜೆಯಿತ್ತು, ಆ ದಿನ ರೇಣವ್ವನಿಗೆ ಬರಬೇಡ ಅಂದಿದ್ದೆ. ಔಷಧ ತೀರಿದ್ದವು, ಬೇಗ ಬಂದುಬಿಡುತ್ತೇನೆಂದು ಅವರನ್ನು ಕಟ್ಟೆಯ ಮೇಲೆ ಕೂಡಿಸಿ ಪೇಟೆಗೆ ಹೋದೆ. ನಾನು ಹೋದದ್ದೇ ತಡ, ಅವರು ಕಂಬ ಹಿಡಿದು ಎದ್ದಿದ್ದಾರೆ. ಮೆಟ್ಟಿಲು ಹೇಗೆ ಇಳಿದರೋ ದೇವರಿಗೆ ಗೊತ್ತು. ಕಲ್ಲಿನ ಮೇಲೆ ಕಾಲೆಳೆಯುತ್ತ ಆ ಕಡೆಯ ತನಕ ಹೋಗಿದ್ದಾರೆ. ಅಲ್ಲಿ ಒಣಹುಲ್ಲಿನ ಮೇಲೆ ಬೋರಲಾಗಿ ಬಿದ್ದಿದ್ದಾರೆ. ಮೇ ತಿಂಗಳ ಬಿಸಿಲು. ಕೂಗಿದರೂ ಕೂಗು ಕೂಗಿನ ಹಾಗೆ ಬರುವುದಿಲ್ಲ. ಎದುರು ಮನೆಯಿಂದ ಮದೀನಾಬಿ ಬಿಳಿ ಅಂಗಿ ನೋಡಿ ಓಡಿ ಬಂದಿದ್ದಾಳೆ. ನಾನು ಬಂದಾಗ ಆಕೆ ಅವರ ತಲೆ ತೊಡೆಯ ಮೇಲಿಟ್ಟುಕೊಂಡು, ಸೆರಗು ನೆರಳು ಮಾಡಿ, ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಬಾಯಿಗೆ ಬಿಡುತ್ತಿದ್ದಳು. ಮೊಣಕಾಲು ತರಚಿತ್ತು, ಹಣೆ ಬಾತಿತ್ತು. ಅವರ ಬಲಗೈ ಮುಷ್ಟಿ ಕಟ್ಟಿತ್ತು. ಬಿಡಿಸಿದರೆ ಒಣಗಿದ ಹುಲ್ಲು.

ಡಾಕ್ಟರು ಬಂದು ನೋಡಿ ಎಲುಬು ಮುರಿದಿಲ್ಲ ಅಂದರು. ಸಂಜೆ ಮೊಣಕಾಲಿಗೆ ಔಷಧ ಹಚ್ಚುವಾಗ ನಾನೇ ಹೇಳಿಬಿಟ್ಟೆ, "ನೀರು ನಾನಽ ಬಿಟ್ಟಿಲ್ಲರಿ ಮಾವಾರ. ಮಂದಿಗೆ ಕೊಟ್ಟೇನಿ" ಎಂದು. ಬೈಯಲಿ ಎಂದು ಕಾಯ್ದೆ. ಅವರು ಬೈಯಲಿಲ್ಲ. ತಮ್ಮ ಅಪ್ಪನ ಮಾತು ತೆಗೆದರು. ಅವರ ಒಂದೊಂದು ಶಬ್ದವನ್ನು ಜೋಡಿಸಿ ಬರೆಯುತ್ತಿದ್ದೇನೆ, ನೀನು ಓದಲೇಬೇಕು.

ನಿನಗೂ ನನಗೂ ಅವರು ತಮ್ಮ ಅಪ್ಪ ಕಲಘಟಗಿ ಕಡೆ ಹೊಲ ಮಾಡಿಕೊಂಡಿದ್ದರು ಎಂದು ಹೇಳಿದ್ದಾರೆ. ಹೊಲ ಇರಲಿಲ್ಲ. ನಿನ್ನಜ್ಜ ಧಾರವಾಡದಲ್ಲಿ ಒಬ್ಬ ದೊಡ್ಡ ಸಾಹೇಬರ ಬಂಗಲೆಯಲ್ಲಿ ಮಾಲಿ. ಕುಕ್ಕರಗಾಲಲ್ಲಿ ಕೂತು ಕುಡಗೋಲಿನಿಂದ ಹುಲ್ಲು ಕೊಯ್ದು ಜೀವ ಸವೆಸಿದವನು. ಒಂದು ಮಧ್ಯಾಹ್ನ, ಇನ್ನೂ ಹುಡುಗನಾಗಿದ್ದ ಅಪ್ಪಾಜಿ ಅವನಿಗೆ ರೊಟ್ಟಿ ಗಂಟು ಒಯ್ದಿದ್ದರಂತೆ. ಬಿಸಿಲು ಬಹಳ, ತಂದೆ ಮಗ ಇಬ್ಬರೂ ಹುಲ್ಲಿನ ಅಂಚಿಗೆ ನೆರಳಿನಲ್ಲಿ ಕೂತು ಗಂಟು ಬಿಚ್ಚಿದರು. ಒಳಗಿಂದ ಸಾಹೇಬರ ಹೆಂಡತಿ ನೋಡಿ ಆಳನ್ನು ಕಳಿಸಿ ಎಬ್ಬಿಸಿದಳು. ನಿನ್ನಜ್ಜ ಎದ್ದ. ಎದ್ದು, ತಾವು ಕೂತಲ್ಲಿ ಬಾಗಿದ ಹುಲ್ಲನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದ. ಆಮೇಲೆ ರಸ್ತೆಗೆ ಹೋಗಿ ಗಟಾರದ ಕಲ್ಲಿನ ಮೇಲೆ ಕೂತು ಇಬ್ಬರೂ ಉಂಡರು. "ಅಪ್ಪ ಸವರಿದ್ದು… ಅದಽ ಕಾಣತದ" ಅಂದರು ಅಪ್ಪಾಜಿ.

ಅದಕ್ಕೇ ನೌಕರಿ ಹತ್ತಿದ ಮೇಲೆ ಅವರು ಮೊದಲು ಹುಲ್ಲು ಹಾಕಿಸಿ ಆಮೇಲೆ ಮನೆ ಕಟ್ಟಿಸಿದ್ದು.

ನಾನು ಕೇಳಿದೆ, "ಮತ್ತ ನೀವು ಒಂದ ದಿನಾನೂ ಯಾಕ ಕೂಡಲಿಲ್ಲರಿ ಅದರ ಮ್ಯಾಲ? ನಿಮ್ಮದಽ ಅಲ್ಲೇನು?"

ಅವರು ನನ್ನನ್ನು ತಿಳಿವಳಿಕೆ ಇಲ್ಲದವನನ್ನು ನೋಡುವಂತೆ ನೋಡಿದರು. "ಕುಂತರ ಹುಲ್ಲು ಮಲಗತದಲ್ರಿ" ಅಂದರು.

ಧೈರ್ಯ ಮಾಡಿ ಇನ್ನೊಂದು ಮಾತೂ ಅಂದೆ. ಎಲ್ಲಾರೂ ಧಾರವಾಡಕ್ಕೆ ಹೋಗೂಣ, ಕಾವೇರಿ ಅಲ್ಲೇ ಅದಾಳ, ಕೂಸು ಅದ, ನಾನೂ ಅಲ್ಲೇ ಎಲ್ಲಾದರೂ ಸಾಲಿ ನೋಡಿಕೊಳ್ಳತೇನಿ, ಈ ಮನಿ ಬಾಡಿಗಿಗೆ ಕೊಡೂಣ ಎಂದೆ. ಅವರು ತಲೆ ಆಡಿಸಿದರು. "ನೀವು ಹೋಗ್ರಿ. ಹೆಂಡ್ತಿ, ಮಗಳು ಅದಾರ. ನಾ ಬ್ಯಾಡ ಅನ್ನೂದಿಲ್ಲ. ಆ ಊರಿಗೆ ನಾ ಬರೂದಿಲ್ಲ." ಸಿಟ್ಟಿನಿಂದ ಅಂದಿದ್ದರೆ ನನಗೆ ಸುಲಭ ಇತ್ತು. ನಿಜವಾಗಿಯೂ ಹೋಗು ಎಂದೇ ಹೇಳಿದರು.

ಮರುದಿನ ಕುರ್ಚಿಯನ್ನು ಕಟ್ಟೆಗೆ ಎಳೆದಾಗ ಅವರು ಕೋಲಿನಿಂದ ಗೋಡೆ ತೋರಿಸಿದರು. ಗೋಡೆಯ ಕಡೆ ಮುಖ ಮಾಡಿ ಕೂಡಿಸಿದೆ. ಆ ದಿನ, ಅದರ ಮರುದಿನ, ಆಮೇಲೆ ದಿನಾಲೂ ಹಾಗೆಯೇ. ಕೋಲು ಮೂಲೆಗೆ ಬಿತ್ತು. ರೇಣವ್ವ ಗೋಧಿ ಹುಗ್ಗಿ ಮಾಡಿದಳು, ನಾನು ಧಾರವಾಡದ ಲೈನ್ ಬಜಾರಿನ ಪೇಡೆ ತರಿಸಿದೆ, ಎರಡು ತುತ್ತಿಗೆ ಬಾಯಿ ಮುಚ್ಚುವರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ದೇಹಕ್ಕ ಏನೂ ಆಗಿಲ್ಲ ಮಾಸ್ತರ, ಮನಸ್ಸು ಬಿಟ್ಟಾರ" ಅಂದರು. ನಾನು ಲಾನಿಗೆ ನೀರು ಬಿಡುವುದನ್ನು ಪೂರ್ತಿ ನಿಲ್ಲಿಸಿದ್ದೆ. ನನಗೆ ಬೇಕಾದದ್ದು ಸಿಕ್ಕಿತ್ತಲ್ಲ. ಬೆಳಿಗ್ಗೆ ಪೈಪಿಲ್ಲ, ಕುರಪಿ ಇಲ್ಲ, ಕೋಲಿನ ಸಪ್ಪಳ ಇಲ್ಲ. ಆ ಮೌನದಲ್ಲಿ ನನಗೆ ಚಹಾ ಕೂಡ ಇಳಿಯುತ್ತಿರಲಿಲ್ಲ.

ಆಗ ನಿನಗೆ ಫೋನ್ ಮಾಡಿ ಕರೆಯಬೇಕಾಗಿತ್ತು ಎನ್ನುತ್ತೀ. ಕರೆದರೆ ನೀನು ಬರುತ್ತಿದ್ದೆ. ಬಂದರೆ ತಿರುಗಿ ಹೋಗಲು ನಿನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಕರೆಯಲಿಲ್ಲ.

ತಿಂಗಳ ಕೊನೆಗೆ ಎರಡು ದೊಡ್ಡ ಮಳೆಯಾದವು. ಸತ್ತಿತೆಂದುಕೊಂಡಿದ್ದ ಹುಲ್ಲು ಅಲ್ಲಲ್ಲಿ ಚಿಗುರಿತು. ಅದಕ್ಕಿಂತ ಮುಂಚೆ ಜೇಕು ಎದ್ದಿತು, ಎಲ್ಲ ಕಡೆ, ಸೂಜಿ ಚುಚ್ಚಿಟ್ಟ ಹಾಗೆ. ನನಗೆ ಏನು ತಿಳಿಯಿತೋ, ಒಂದು ಮುಂಜಾನೆ ಅವರ ಕುರ್ಚಿಯನ್ನು ಕೇಳದೆಯೇ ಅಂಗಳದ ಕಡೆ ತಿರುಗಿಸಿದೆ. "ಬ್ಯಾಡ" ಅಂದರು. ನಾನು ಕುರಪಿ ತಗೊಂಡು ಇಳಿದು ಕುಕ್ಕರಗಾಲಲ್ಲಿ ಕೂತು ಕೀಳಲು ಸುರು ಮಾಡಿದೆ. ಬೆನ್ನು ಅವರ ಕಡೆ ಇತ್ತು. ಜೇಕಿನ ಗಡ್ಡೆ ಬಿಡದ ಹಾಗೆ ಬೇರಿನಿಂದ ಕಿತ್ತು ಬಗಲಿಗೆ ಇಡುತ್ತ ಹೋದೆ. ಬಿಸಿಲು ಏರಿತು. ಶಾಲೆಗೆ ತಡವಾಯಿತು. ಆಗ ಹಿಂದಿನಿಂದ ದಪ್ಪ ದನಿ ಬಂತು, "ಎಡಕ್ಕ… ಒಂದು ಬಿಟ್ಟೀರಿ."

ತಿರುಗಿ ನೋಡಲಿಲ್ಲ. ಎಡಕ್ಕೆ ಒಂದು ಇತ್ತು, ಕಿತ್ತೆ. "ಗಡ್ಡಿ ಉಳೀತು" ಅಂದರು. ಅಗೆದು ತೆಗೆದೆ. ಅಂದು ಅವರು ರೇಣವ್ವನ ಕೈಯಿಂದ ಹೊಟ್ಟೆ ತುಂಬ ಉಂಡರು. ರೇಣವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ದೊಡ್ಡವರು ಬದುಕಿಕೊಂಡರು ಮಾಸ್ತರ ಎಂದಳು. ಹೌದು, ಬದುಕಿಕೊಂಡರು. ನನಗೂ ಸಂತೋಷ ಆಯಿತು. ಸಂತೋಷದ ಜೊತೆಗೇ ಒಂದು ಮಾತು ಎದೆಯಲ್ಲಿ ತಣ್ಣಗೆ ಕೂತಿತು: ಇನ್ನು ಇವರು ಇರುವ ತನಕ ನಾನು ಹೀಗೆಯೇ ಕೂತಿರಬೇಕು.

ಒಂದು ಬದಲಾವಣೆ ಆಗಿದೆ, ಹೇಳುತ್ತೇನೆ. ಮದೀನಾಬಿಗೆ ಈಗ ಮುಂದಿನ ಗೇಟಿನಿಂದಲೇ ನೀರು ಕೊಡುತ್ತೇನೆ. ಆಕೆ ಕೊಡ ತುಂಬಿಕೊಳ್ಳುವಾಗ ಅಪ್ಪಾಜಿ ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಕೂಡುತ್ತಾರೆ. ಅಷ್ಟೇ. ಆಕೆಯೂ ಕಲ್ಲಿನ ಮೇಲಿಂದಲೇ ಬಂದು ಹೋಗುತ್ತಾಳೆ.

ಮೊನ್ನೆ ಆಕೆಯ ಕೋಳಿಗಳು ಒಳಗೆ ನುಗ್ಗಿ, ನಾನು ಸರಿಮಾಡಿದ ಮಣ್ಣನ್ನು ಕೆದರತೊಡಗಿದವು. ನಾನು ಕೂಗಿದೆ. ಎಂಥ ಕೂಗು ಎಂದು ಹೇಗೆ ಬರೆಯಲಿ? ಕೋಳಿ ಓಡಿದವು, ಅವುಗಳನ್ನು ಹಿಡಿಯಲು ಬಂದ ಆಕೆಯ ಮೊಮ್ಮಗಳು ಗೇಟಿನ ಹತ್ತಿರ ಹೆದರಿ ನಿಂತುಬಿಟ್ಟಳು. ಮದೀನಾಬಿ ಬಂದು ಮಗುವಿನ ಕೈ ಹಿಡಿದುಕೊಂಡಳು. "ನೀವೂ ಹಂಗಽ ಆದ್ರೆಲ್ಲ ಮಾಸ್ತರ" ಅಂದಳು. ಕಟ್ಟೆಯ ಮೇಲೆ ಅಪ್ಪಾಜಿ ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿ ವರ್ಷವಾಗಿತ್ತು.

ಕಾವೇರಿ, ನೀನು ಯಾಕೆ ಹೋದೆ ಎಂದು ನಾನು ಕೇಳಿದವನಲ್ಲ. ಈಗ ಕೇಳುವ ಅವಶ್ಯಕತೆಯೂ ಉಳಿದಿಲ್ಲ. ಹುಟ್ಟಿದಾಗಿನಿಂದ ನೀನು ಆ ಕಲ್ಲಿನ ಮೇಲೆ ಹೆಜ್ಜೆ ಎಣಿಸಿ ನಡೆದವಳು. ಅಲ್ಲಿ ಹಾಸ್ಟೆಲಿನ ಮುಂದೆ ಹುಣಸೆ ಗಿಡದ ಕೆಳಗೆ ಲಕ್ಷ್ಮೀ ಮಣ್ಣಾಡಿ ಬರುತ್ತಾಳೆ, ದಿನಾ ಲಂಗ ತೊಳೆಯುವುದೇ ಆಗಿದೆ ಎಂದು ನೀನು ಫೋನಿನಲ್ಲಿ ಬೇಸರ ಮಾಡಿಕೊಂಡಿದ್ದೆ. ಅಂದು ಅಪ್ಪಾಜಿ ಮಲಗಿದ ಮೇಲೆ ನಾನು ಆ ಮಾತನ್ನು ನೆನೆದು ಅತ್ತೆ. ತೊಳೆ. ಬೇಸರ ಮಾಡಿಕೊಳ್ಳದೆ ತೊಳೆ.

ನನ್ನನ್ನು ಇಲ್ಲಿ ಯಾರೂ ಕಟ್ಟಿ ಹಾಕಿಲ್ಲ. ಗೇಟು ತೆರೆದೇ ಇದೆ, ಧಾರವಾಡದ ಬಸ್ಸು ಬಿಟ್ಟೂ ಬಿಡದೆ ಇವೆ. ಅವರು ಒಮ್ಮೆ ಹೋಗಬೇಡ ಅಂದಿದ್ದರೆ ನಾನು ಜಗಳ ಮಾಡಿ ಹೋಗಿಬಿಡುತ್ತಿದ್ದೆನೇನೋ. ಅವರು ಹೋಗ್ರಿ ಅಂದರು. ಅದರ ಮೇಲೆ ದಿನಾ ಮುಂಜಾನೆ ಬಿಳಿ ಅಂಗಿ ಹಾಕಿಸಿಕೊಂಡು, ಕೋಲು ಕೈಗೆ ತಗೊಂಡು, ನನ್ನ ಮುಖ ನೋಡುತ್ತಾರೆ. ನಾನು ಕುರಪಿ ಹುಡುಕುತ್ತೇನೆ.

ನೀನು ಸಿಟ್ಟಾಗುತ್ತೀ, ಆಗು. ಅಳಬೇಡ. ನಿನ್ನಜ್ಜನ ವಿಷಯ ನಿನಗೆ ಗೊತ್ತಾಗಿದೆಯೆಂದು ಅವರ ಮುಂದೆ ತೋರಿಸಬೇಡ. ಲಕ್ಷ್ಮಿಗೆ ಮಾತ್ರ ದೊಡ್ಡವಳಾದ ಮೇಲೆ ಹೇಳು. ಮಳೆಯಲ್ಲಿ ಆಕೆಗೆ ಕಿವಿ ನೋವು ಬರುತ್ತದೆ, ಹತ್ತಿ ಇಡು.

ನಿನ್ನವನೇ ಆದ,
ಹನಮೇಶ

ತಾ.ಕ.: ನಿಮ್ಮ ಹಾಸ್ಟೆಲಿನ ಹಿಂದಿನ ಹೈಸ್ಕೂಲಿನಲ್ಲಿ ನನಗೊಂದು ಜಾಗ ಆಗಲಿ ಎಂದು ನೀನು ಯಾರು ಯಾರ ಬಾಗಿಲಿಗೆ ಹೋಗಿದ್ದೆ ಎಂಬುದು ನನಗೆ ಗೊತ್ತು. ಗುರುವಾರ ಅಲ್ಲಿಯ ಹೆಡ್ ಮಾಸ್ತರರು ತಾವೇ ನಮ್ಮ ಶಾಲೆಗೆ ಬಂದಿದ್ದರು. ಜಾಗ ಖಾಲಿ ಆಗಿದೆ, ಸೋಮವಾರದಿಂದಲೇ ಬರ್ರಿ ಅಂದರು. ನಾನು ಆಗೂದಿಲ್ರಿ ಅಂದೆ. ಯಾಕೆ ಅಂದರು. ಮಳಿಗಾಲ ಸುರು ಆತು, ಮನ್ಯಾಗ ಕೆಲಸ ಬಹಳ ಅದ ಅಂದೆ. ಅವರಿಗೆ ನಗು ಬಂತು. ಅವರ ಬಾಯಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಬೇಕೆಂದು ಕಾಗದ ಬರೆಯಲು ಕೂತವನು, ಈ ಮಾತಿಗೆ ಬಂದು ಮುಟ್ಟಲು ಇಷ್ಟು ಹಾಳೆ ಹಿಡಿಯಿತು.